ಕೊಲಾಬಾದಲ್ಲಿ ಮಳೆ, ಸಾಂತಾಕ್ರೂಜ್‌ನಲ್ಲಿ ಪ್ರಳಯ



2005ರ ಜುಲೈ 26ರ ಮಂಗಳವಾರ ನಿಮ್ಮಲ್ಲಿ ಕೆಲವರು ತಾಯಿಯ ಕಂಕುಳಲ್ಲಿದ್ದಿರಿ, ಹಲವರು ಹುಟ್ಟಿಯೇ ಇರಲಿಲ್ಲ. ಆಗ ನಮ್ಮ ಮನೆ ಕಲೀನಾದಲ್ಲಿ, ಎರಡನೆಯ ಮಹಡಿಯಲ್ಲಿ. ಮಧ್ಯಾಹ್ನ ಹಿಡಿದ ಮಳೆ ನಿಲ್ಲುವ ಲಕ್ಷಣವೇ ಇರಲಿಲ್ಲ. ಫೋರ್ಟಿನ ಆಫೀಸಿನಲ್ಲಿದ್ದ ನಮ್ಮ ಯಜಮಾನರಿಗೆ ಫೋನು ಮಾಡಿ, "ಗೇಟಿನೊಳಗೆ ನೀರು ಬಂದಿದೆ, ಬೇಗ ಹೊರಡಿ" ಎಂದೆ.

"ಏನು ಮಾರಾಯ್ತಿ, ಇಲ್ಲಿ ರಸ್ತೆ ಸರಿಯಾಗಿಯೇ ಇದೆ. ಜುಲೈಯಲ್ಲಿ ಮಳೆ ಬಾರದೆ ಇನ್ನೇನು ಬರಬೇಕು?" ಎಂದರು. ಸ್ವಲ್ಪ ಹೊತ್ತಿಗೆ ಫೋನು ಸತ್ತಿತು. ಅವರು ಮನೆ ಸೇರಿದ್ದು ಮರುದಿನ ಮಧ್ಯಾಹ್ನ, ದಾದರಿನಿಂದ ರೈಲು ಹಳಿಯ ಮೇಲೆ ನಡೆದು.

ಅವರನ್ನು ಬಹಳ ದಿನ ಬೈದೆ. ಮಳೆಯ ಲೆಕ್ಕ ಪತ್ರಿಕೆಯಲ್ಲಿ ಬಂದಾಗ ಬಾಯಿ ಮುಚ್ಚಿದೆ. ಆ 24 ಗಂಟೆಗಳಲ್ಲಿ ಸಾಂತಾಕ್ರೂಜ್‌ನಲ್ಲಿ 944 ಮಿ.ಮೀ., ಕೊಲಾಬಾದಲ್ಲಿ 73 ಮಿ.ಮೀ. ಮಾತ್ರ! ಮಂತ್ರಾಲಯ, ಮಹಾನಗರಪಾಲಿಕೆ, ಪೊಲೀಸ್ ಕಮಿಷನರರ ಕಚೇರಿ, ಎರಡೂ ರೈಲ್ವೆಗಳ ಮುಖ್ಯ ಕಚೇರಿ ಎಲ್ಲವೂ ಇರುವುದು ಆ ದಕ್ಷಿಣದ ತುದಿಯಲ್ಲೇ. ಆಜ್ಞೆ ಕೊಡಬೇಕಾದವರ ಕಿಟಕಿಯಾಚೆ ಎಂದಿನ ಮಳೆ. ಇತ್ತ ಮೀಠಿ ನದಿ ಉಕ್ಕಿ ಕುರ್ಲಾ, ಕಲೀನಾ ಮುಳುಗುತ್ತಿದ್ದವು. ಸಮುದ್ರದ ಉಬ್ಬರದಿಂದ ನೀರು ಹರಿದುಹೋಗಲೂ ದಾರಿಯಿರಲಿಲ್ಲ. ಮುಂಬಯಿಯಲ್ಲಿ 400ಕ್ಕೂ ಹೆಚ್ಚು ಜನ ತೀರಿಕೊಂಡರು. ಕೆಲವರು ಬಾಗಿಲು ತೆರೆಯಲಾಗದ ಕಾರಿನೊಳಗೇ ಉಸಿರುಗಟ್ಟಿ ಹೋದರು.

ಆ ರಾತ್ರಿ ನಮ್ಮ ಕಟ್ಟಡದ ಕೆಳಮನೆಯವರೆಲ್ಲ ಮೇಲೆ ಬಂದರು. ಮೇಣದಬತ್ತಿ ಬೆಳಕಿನಲ್ಲಿ ಒಬ್ಬರ ಅಕ್ಕಿ, ಇನ್ನೊಬ್ಬರ ಬೇಳೆ, ನಮ್ಮ ಗ್ಯಾಸು. ಯಾವ ಇಲಾಖೆಯೂ ಹೇಳದೆ ಆದ ಕೆಲಸ! ಆದರೆ ಇಡೀ ಊರು ಹೀಗೆ ನಡೆಯಲಾರದು. ಅಗ್ನಿಶಾಮಕ ದಳ, ಪೊಲೀಸರು, ಆಸ್ಪತ್ರೆ, ರೈಲ್ವೆ, ನೌಕಾಪಡೆ ಎಲ್ಲರಿಗೂ ಒಂದೇ ಸುದ್ದಿ ಒಂದೇ ಹೊತ್ತಿಗೆ ತಿಳಿಯಬೇಕು. ಸ್ಥಳದಲ್ಲಿ ನಿರ್ಧಾರ ಮಾಡುವವರು ಯಾರೆಂದು ಮೊದಲೇ ಗೊತ್ತಿರಬೇಕು. 1970ರಲ್ಲಿ ಕ್ಯಾಲಿಫೋರ್ನಿಯಾದ ಕಾಡ್ಗಿಚ್ಚಿನಲ್ಲಿ ಬೇರೆ ಬೇರೆ ದಳದವರಿಗೆ ಒಬ್ಬರ ಮಾತು ಒಬ್ಬರಿಗೆ ಅರ್ಥವಾಗದೆ ಪೇಚಾಡಿದ ಮೇಲೆ ಅಮೆರಿಕದವರು ಇದಕ್ಕೊಂದು ಪದ್ಧತಿ ಮಾಡಿಕೊಂಡರು. ನಮ್ಮ ದೇಶದಲ್ಲಿ 2010ರಲ್ಲಿ ಅದೇ ಬಗೆಯ ಮಾರ್ಗಸೂಚಿ ಬಂತು. (ಬಿ.ಎ.ಯಲ್ಲಿ ನಾನು ಓದಿದ್ದು ಶೇಕ್ಸ್‌ಪಿಯರನ್ನು. ಇದೆಲ್ಲ ಕಲಿತದ್ದು ಆ ಪ್ರವಾಹದ ನಂತರ, ಹೆದರಿಕೆಯಿಂದ!)

ಮುಂಬಯಿಯೂ ಕಲಿಯಿತು. ಮಹಾನಗರಪಾಲಿಕೆ ಅಗ್ನಿಶಾಮಕ ಠಾಣೆಗಳ, ವಾರ್ಡ್ ಕಚೇರಿಗಳ ಮಾಡಿನ ಮೇಲೆ ಮಳೆಮಾಪಕಗಳನ್ನು ಕೂರಿಸಿತು. ಉಪನಗರದ ಮಳೆ 15 ನಿಮಿಷಕ್ಕೊಮ್ಮೆ ಕೇಂದ್ರಕ್ಕೆ ತಿಳಿಯುವಂತಾಯಿತು. 2006ರಲ್ಲಿ ರಾಷ್ಟ್ರೀಯ ವಿಪತ್ತು ಸ್ಪಂದನಾ ಪಡೆ ಹುಟ್ಟಿತು. ಹಾಗೆಂದು ನೀರು ನಿಲ್ಲುವುದು ತಪ್ಪಿದೆಯೇ? ಹಿಂದ್‌ಮಾತಾ ಕಡೆ ಹೋಗಿಬರುವವರನ್ನು ಕೇಳಿ!

ಆದರೂ 2019ನ್ನು ನೆನೆಯಬೇಕು. ಅದೇ ಜುಲೈ 26ರ ರಾತ್ರಿ ಮುಂಬಯಿಯಿಂದ ಹೊರಟ ಮಹಾಲಕ್ಷ್ಮಿ ಎಕ್ಸ್‌ಪ್ರೆಸ್, ಉಲ್ಹಾಸ್ ನದಿಯ ನೆರೆಯಿಂದಾಗಿ ಬದ್ಲಾಪುರ ಮತ್ತು ವಾಂಗಣಿಯ ನಡುವೆ ನಿಂತುಬಿಟ್ಟಿತು. ಒಳಗೆ ಸಾವಿರಕ್ಕೂ ಹೆಚ್ಚು ಜನ, ಅವರಲ್ಲಿ ಗರ್ಭಿಣಿಯರೂ ಇದ್ದರು. ರೈಲಿನಿಂದ ಇಳಿಯಬೇಡಿ ಎಂದು ರೈಲ್ವೆ ಮತ್ತೆ ಮತ್ತೆ ಹೇಳಿತು. ವಿಪತ್ತು ಪಡೆಯ ದೋಣಿಗಳು, ನೌಕಾಪಡೆಯ ಮುಳುಗುಗಾರರು, ಹೆಲಿಕಾಪ್ಟರ್, ಪೊಲೀಸರು, ವೈದ್ಯರು, ಹಳ್ಳಿಯ ಜನ ಎಲ್ಲರೂ ಬಂದರು. ಮಧ್ಯಾಹ್ನದೊಳಗೆ ಎಲ್ಲರೂ ಸುರಕ್ಷಿತ. ಕಲ್ಯಾಣದಿಂದ ಕೊಲ್ಹಾಪುರಕ್ಕೆ ಬೇರೆ ರೈಲೂ ಸಿದ್ಧವಾಯಿತು.

ಪಾಲಿಕೆಯ ಸಹಾಯವಾಣಿ 1916ನ್ನು ಮೊಬೈಲಿನಲ್ಲಿ ಬರೆದಿಟ್ಟುಕೊಳ್ಳಿ. ಫೋನು ಹತ್ತಿದರೆ ಅಳುವ ಮೊದಲು ಜಾಗ ಹೇಳಿ: ಯಾವ ರಸ್ತೆ, ಯಾವ ನಾಕಾ, ನೀರು ಮೊಣಕಾಲಿಗೋ ಸೊಂಟಕ್ಕೋ. ಕಾರಿದ್ದವರು ಗಾಜು ಒಡೆಯಲು ಕೈಗೆಟುಕುವಲ್ಲಿ ಒಂದು ಸುತ್ತಿಗೆ ಇಟ್ಟುಕೊಳ್ಳಿ.

ಈಗ ನಮ್ಮ ಮಗಳು ಫೋರ್ಟಿಗೆ ಕೆಲಸಕ್ಕೆ ಹೋಗುತ್ತಾಳೆ. ಜುಲೈಯಲ್ಲಿ ನನ್ನ ಫೋನು ಹೋದರೆ ಅವಳು ತನ್ನ ಕಿಟಕಿ ನೋಡುವುದಿಲ್ಲ. "ಅಮ್ಮಾ, ಅಲ್ಲಿ ನೀರು ಎಲ್ಲಿಯವರೆಗೆ ಬಂದಿದೆ?" ಎಂದು ಕೇಳುತ್ತಾಳೆ.