ಯುದ್ಧವೈಮಾನಿಕರ ಅಭ್ಯಾಸಭೂಮಿ

1939ರಲ್ಲಿ ಮುಂಬಯಿಯ ರಕ್ಷಣಾರ್ಥವಾಗಿ ಬ್ರಿಟಿಷರು ಸ್ಥಾಪಿಸಿದ ಪುಣೆಯ ಲೋಹಗಾಂವ್ ವಾಯುನೆಲೆಯು ಅಂದು ಊರಿನಿಂದ ದೂರದಲ್ಲಿದ್ದಿತು. 2002ರ ಸೆಪ್ಟೆಂಬರಿನಲ್ಲಿ ಸುಖೋಯ್-30 ಎಂಕೆಐ ವಿಮಾನಗಳು ನಮ್ಮ ವಾಯುಪಡೆಯನ್ನು ಸೇರಿದುದು ಇಲ್ಲಿಯೇ. ಆದರೆ ಇಂದು ನಗರವು ನೆಲೆಯ ಬೇಲಿಯವರೆಗೂ ಬೆಳೆದು ಬಂದಿದೆ. ಪ್ರಯಾಣಿಕರ ವಿಮಾನಗಳೂ ಯುದ್ಧವಿಮಾನಗಳೂ ಒಂದೇ ರನ್‌ವೇಯನ್ನು ಬಳಸುತ್ತಿವೆ. ಇಲ್ಲಿಂದ ಹಾರಬಹುದು, ಬಾಂಬಿನ ಗುರಿಯನ್ನು ಪರೀಕ್ಷಿಸಲು ಇಲ್ಲಿ ಎಡೆಯಿಲ್ಲ.

ಗುರಿಯ ಅಭ್ಯಾಸಕ್ಕೆ ಜನವಸತಿಯಿಲ್ಲದ ವಿಶಾಲ ಭೂಮಿಯೂ ಅದರ ಮೇಲೆ ಅನ್ಯ ವಿಮಾನಗಳು ಸುಳಿಯದ ಆಕಾಶವೂ ಬೇಕು. ಅಂತಹ ಪ್ರಸಿದ್ಧ ಕ್ಷೇತ್ರವಾದ ರಾಜಸ್ಥಾನದ ಪೋಖ್ರಾನ್ ಪುಣೆಯಿಂದ ಸುಮಾರು 950 ಕಿಲೋಮೀಟರು ದೂರವಿದೆ. ಹೋಗಿ ಬರುವುದರಲ್ಲಿಯೇ ಇಂಧನವೂ ಯಂತ್ರದ ಆಯುಷ್ಯವೂ ವ್ಯಯವಾಗುತ್ತವೆ.

ಭೂಮಿ ದೊರೆತಮಾತ್ರಕ್ಕೆ ಕಾರ್ಯ ಮುಗಿಯದು. ಸದಾ ಒಂದೆಡೆಯೇ ನಿಂತ ಗುರಿಯನ್ನು ವೈಮಾನಿಕನು ಬೇಗನೆ ಕಂಠಪಾಠ ಮಾಡಿಕೊಳ್ಳುತ್ತಾನೆ. ಶತ್ರುವಾದರೋ ಸ್ಥಳ ಬದಲಿಸುತ್ತಾನೆ, ರೇಡಾರಿನಿಂದ ಹುಡುಕುತ್ತಾನೆ, ಸಂಪರ್ಕವನ್ನು ಕೆಡಿಸುತ್ತಾನೆ. ಮೊದಲ ಹತ್ತು ಸಮರಯಾನಗಳನ್ನು ದಾಟಿದವನು ಬದುಕಿ ಬರುವ ಸಂಭವವು ಬಹಳ ಹೆಚ್ಚೆಂಬುದನ್ನು ವಿಯೆಟ್ನಾಂ ಯುದ್ಧದಿಂದ ಕಲಿತ ಅಮೆರಿಕದವರು, ಆ ಹತ್ತನ್ನೂ ಸ್ವದೇಶದಲ್ಲಿಯೇ ಅನುಭವಕ್ಕೆ ತರಲೆಂದು 1975ರಲ್ಲಿ ನೆವಾಡಾದ ಮರುಭೂಮಿಯಲ್ಲಿ 'ರೆಡ್ ಫ್ಲ್ಯಾಗ್' ಸಮರಾಭ್ಯಾಸವನ್ನು ಆರಂಭಿಸಿದರು. 2008ರಲ್ಲಿ ನಮ್ಮ ಸುಖೋಯ್‌ಗಳೂ ಅದರಲ್ಲಿ ಭಾಗವಹಿಸಿದವು. ನಮ್ಮಲ್ಲಿಯೂ 1971ರಲ್ಲಿ ಸ್ಥಾಪಿತವಾಗಿ ಈಗ ಗ್ವಾಲಿಯರಿನಲ್ಲಿರುವ ಯುದ್ಧತಂತ್ರ ಸಂಸ್ಥೆ 'ಟಾಕ್‌ಡಿ'ಯು ಅನುಭವಿ ವೈಮಾನಿಕರಿಗೆ ಉನ್ನತ ಶಿಕ್ಷಣ ನೀಡುತ್ತಿದೆ.

ಹೊಸ ಉಪಕರಣಗಳು ಕೊರತೆಯನ್ನು ಕೆಲಮಟ್ಟಿಗೆ ತುಂಬಬಲ್ಲವು. ರೆಕ್ಕೆಯ ಕೆಳಗೆ ತೂಗಿಸಿದ ಕೊಳವೆಯಾಕಾರದ ಯಂತ್ರವು ವಿಮಾನದ ಸ್ಥಾನ, ವೇಗ, ದಿಕ್ಕುಗಳನ್ನು ತಿಳಿಸುತ್ತಿರಲು, ಹಾರಿಸದ ಕ್ಷಿಪಣಿಯು ತಗುಲುತ್ತಿತ್ತೇ ಇಲ್ಲವೇ ಎಂಬುದನ್ನು ಗಣಕವು ನಿರ್ಣಯಿಸುತ್ತದೆ. ಇಳಿದ ಮೇಲೆ ವೈಮಾನಿಕರು ಇಡೀ ಕಾಳಗವನ್ನು ತೆರೆಯ ಮೇಲೆ ಕಂಡು ತಮ್ಮ ತಪ್ಪುಗಳನ್ನು ವಿಮರ್ಶಿಸಬಹುದು. ಆದರೂ ನೈಜ ಆಯುಧದ ಭಾರವನ್ನೂ ನೆಲಮಟ್ಟದ ಹಾರಾಟದ ಒತ್ತಡವನ್ನೂ ಯಾವ ಯಂತ್ರವೂ ಪೂರ್ಣವಾಗಿ ಕಲಿಸಲಾರದು.

ಆದುದರಿಂದ ಅಭ್ಯಾಸಭೂಮಿಯನ್ನು ವಿಮಾನದ ಬೆಲೆಯ ಅಂಗವೆಂದೇ ಎಣಿಸಬೇಕು. ಬೀದರಿನಲ್ಲಿ ಹಾಕ್ ವಿಮಾನವನ್ನೇರಿ ಕಲಿಯುವ ತರುಣನಿಗೆ ಮುಂದೆ ಕೋಟ್ಯಂತರ ರೂಪಾಯಿಯ ಸುಖೋಯ್ ವಿಮಾನವನ್ನು ಒಪ್ಪಿಸುವ ರಾಷ್ಟ್ರವು, ಇರುವ ಕ್ಷೇತ್ರಗಳನ್ನು ನಗರಗಳ ಒತ್ತುವರಿಯಿಂದ ಉಳಿಸಿ, ಅಲ್ಲಿ ಕೃತಕ ಶತ್ರು ರೇಡಾರುಗಳನ್ನು ನಿಲ್ಲಿಸಿ, ದೂರದ ನೆಲೆಗಳ ತಂಡಗಳಿಗೂ ಸಾಕಷ್ಟು ದಿನಗಳನ್ನು ಮೀಸಲಿಡಬೇಕು. ಹೊಸ ಭೂಮಿ ಬೇಕಾದಲ್ಲಿ ಅದನ್ನು ನಂಬಿದ ರೈತರಿಗೂ ಗೋಪಾಲಕರಿಗೂ ನ್ಯಾಯವಾದ ಪರಿಹಾರವನ್ನು ಮೊದಲೇ ಸಲ್ಲಿಸಬೇಕು. ಯುದ್ಧದ ಮೊದಲ ಪಾಠವನ್ನು ಯುದ್ಧದಲ್ಲಿಯೇ ಕಲಿಯುವಂತೆ ಯಾವ ತರುಣನನ್ನೂ ಕಳುಹಿಸಬಾರದು.