ಗುಳಿಗೆಯೊಳಗಿನ ತೂಬು

ಸವದತ್ತಿಯ ನವಿಲುತೀರ್ಥದಲ್ಲಿ ಮಲಪ್ರಭೆಗೆ ಅಣೆಕಟ್ಟು ಕಟ್ಟಿರುವುದು ನೀರನ್ನು ಕೂಡಿಡಲಿಕ್ಕಷ್ಟೇ ಅಲ್ಲ, ಹದವರಿತು ಬಿಡಲಿಕ್ಕೂ ಹೌದು. ಕಾಲುವೆಗುಂಟ ದಿನಗಟ್ಟಲೆ ಹರಿದು ಬೆಳೆ ಬದುಕಿಸುವ ಅದೇ ನೀರು 2019ರ ಆಗಸ್ಟ್‌ನಲ್ಲಿ ಒಮ್ಮೆಗೇ ಹೊರಬಿದ್ದಾಗ ಕೆಳಗಿನ ರಾಮದುರ್ಗ ತಾಲೂಕಿನ ಹೊಳೆದಂಡೆಯ ಊರುಗಳಿಗೆ ನುಗ್ಗಿತು. ಸಕ್ಕರೆ ಕಾಯಿಲೆಯವರು ರಾತ್ರಿ ಊಟದೊಂದಿಗೆ ನುಂಗುವ ಮೆಟ್‌ಫಾರ್ಮಿನ್ ಎಸ್‌ಆರ್, ಅಂದರೆ ನಿಧಾನ ಬಿಡುಗಡೆಯ, ಗುಳಿಗೆಯಲ್ಲೂ ಔಷಧವನ್ನು ಹದವರಿತು ಬಿಡುವ ಇಂಥದೊಂದು ತೂಬಿದೆ. ಬೈಲಹೊಂಗಲದಲ್ಲಾಗಲಿ ಕಿತ್ತೂರಿನಲ್ಲಾಗಲಿ ದುಬಾರಿ ಬ್ರಾಂಡ್ ಬಿಟ್ಟು ಜನರಿಕ್ ಕೇಳುವವರು ಔಷಧದ ಹೆಸರು, ಮಿಲಿಗ್ರಾಂ ಎರಡನ್ನೇ ಹೊಂದಿಸಿದರೆ ಸಾಲದು. ಈ ತೂಬೂ ಹೊಂದಬೇಕು. ಅದು ಹೊಂದಿದರೆ ಜನರಿಕ್‌ಗೆ ಅಂಜಬೇಕಾಗಿಲ್ಲ.

ಇಂಥ ಒಂದು ಗುಳಿಗೆಯನ್ನು ಲೋಟದ ನೀರಿಗೆ ಹಾಕಿ ನೋಡಿ. ಸಾದಾ ಗುಳಿಗೆ ಬೇಗನೆ ಒಡೆದು ಪುಡಿಯಾಗುತ್ತದೆ. ಇದು ಉಬ್ಬಿ, ನೆನೆದ ಕಾಮಕಸ್ತೂರಿ ಬೀಜದಂತೆ ಮೈತುಂಬ ಲೋಳೆ ಹೊದೆಯುತ್ತದೆ. ಔಷಧ ಆ ಲೋಳೆಯನ್ನು ದಾಟಿ ಜಿನುಗಬೇಕು. ಸಾದಾ ಮೆಟ್‌ಫಾರ್ಮಿನ್ ರಕ್ತದಲ್ಲಿ ಸುಮಾರು ಎರಡೂವರೆ ಗಂಟೆಗೆ ತುದಿ ಮುಟ್ಟಿದರೆ ಇದಕ್ಕೆ ಏಳು ಗಂಟೆ ಬೇಕು. ತುದಿಯ ಮಟ್ಟ ಶೇ 20ರಷ್ಟು ತಗ್ಗುತ್ತದೆ, ಆದರೆ ಮೈಗೆ ಸೇರುವ ಒಟ್ಟು ಔಷಧ ಹೆಚ್ಚುಕಡಿಮೆ ಅಷ್ಟೇ. ಒಮ್ಮೊಮ್ಮೆ ಮಲದಲ್ಲಿ ಇಡೀ ಗುಳಿಗೆಯೇ ಕಂಡಂತಾಗಿ ಜನ ಗಾಬರಿಯಾಗುತ್ತಾರೆ. ಅದು ಔಷಧ ಇಳಿದುಹೋದ ಮೇಲೆ ಉಳಿದ ಬರಿಯ ಸಿಪ್ಪೆ. ನುಂಗಲಾಗದೆಂದು ಗುಳಿಗೆಯನ್ನು ಜಜ್ಜಿದರೆ ಮಾತ್ರ ತೂಬೇ ಕಿತ್ತಂತೆ, ದಿನವಿಡೀ ಹರಿಯಬೇಕಾದ್ದು ಒಮ್ಮೆಲೇ ನುಗ್ಗುತ್ತದೆ. ರಕ್ತದೊತ್ತಡದ ಮೆಟೊಪ್ರೊಲಾಲ್‌ನಲ್ಲಿ ಇನ್ನೊಂದು ತೊಡಕಿದೆ. ದಿನಕ್ಕೊಂದೇ ಸಾಕಾಗುವ ಎಕ್ಸ್‌ಎಲ್ ಗುಳಿಗೆಯಲ್ಲಿರುವುದು ಅದರ ಸಕ್ಸಿನೇಟ್ ಲವಣ, ಸಾದಾ ಗುಳಿಗೆಯಲ್ಲಿ ಟಾರ್ಟ್ರೇಟ್ ಲವಣ. ಮೊದಲ ಹೆಸರು ಒಂದೇ ಎಂದು ಒಂದರ ಬದಲು ಇನ್ನೊಂದನ್ನು ತಂದರೆ ಲೆಕ್ಕ ತಪ್ಪುತ್ತದೆ.

ಅಗ್ಗದ ಗುಳಿಗೆಯಲ್ಲಿ ಇಷ್ಟು ನಾಜೂಕಿನ ಕೆಲಸ ಇರಲು ಸಾಧ್ಯವೇ ಎಂಬ ಅನುಮಾನ ಸಹಜ. ಅದಕ್ಕೆ ಪುರಾವೆಯನ್ನೂ ತೋರಿಸುವವರಿದ್ದಾರೆ: ಅಮೆರಿಕದಲ್ಲಿ ಬುಪ್ರೊಪಿಯಾನ್ ಎಂಬ ಖಿನ್ನತೆಯ ಔಷಧದ ಒಂದು 300 ಮಿಲಿಗ್ರಾಂ ಜನರಿಕ್, ಮೂಲ ಔಷಧದ ತುದಿಮಟ್ಟದ ಶೇ 75ನ್ನು ಮಾತ್ರ ಮುಟ್ಟುತ್ತದೆಂದು ಗೊತ್ತಾಗಿ 2012ರಲ್ಲಿ ಮಾರುಕಟ್ಟೆ ಬಿಟ್ಟಿತು. ಈ ಪ್ರಕರಣವನ್ನು ತಳ್ಳಿಹಾಕಲಾಗದು. ಆದರೆ ಅಲ್ಲಿ ಎಡವಿದ್ದು 150 ಮಿಲಿಗ್ರಾಂ ಗುಳಿಗೆಯ ಪರೀಕ್ಷೆಯನ್ನೇ 300ಕ್ಕೂ ಸಾಕೆಂದು ಒಪ್ಪಿಕೊಂಡದ್ದರಲ್ಲಿ. ತಪ್ಪು ಹೊರಬಿದ್ದದ್ದೂ ರಕ್ತದಲ್ಲಿನ ಔಷಧವನ್ನು ಅಳೆದಾಗಲೇ. ನಮ್ಮಲ್ಲಿ 2019ರ ಹೊಸ ಔಷಧ ನಿಯಮಗಳ ಪ್ರಕಾರ ನಿಧಾನ ಬಿಡುಗಡೆಯ ಗುಳಿಗೆ ಎಷ್ಟೇ ಹಳತಾದರೂ ‘ಹೊಸ ಔಷಧ’ವೇ, ಅದಕ್ಕೆ ಕೇಂದ್ರದ ಅನುಮತಿ ಬೇಕೇ ಬೇಕು. ಮೂಲ ಔಷಧಕ್ಕೆ ಹೋಲಿಸಿದಾಗ ಜನರಿಕ್‌ಗೆ ಶೇ 80ರಿಂದ 125ರ ಮಿತಿ ಇದೆ ಎಂದು ಕೇಳಿದವರು, ಶೇ 20ರಷ್ಟು ಔಷಧ ಕಡಿಮೆಯಿದ್ದರೂ ನಡೆಯುತ್ತದೆ ಎಂದು ತಿಳಿಯುತ್ತಾರೆ. ಅದು ಹಾಗಲ್ಲ. ರಕ್ತದಲ್ಲಿನ ಔಷಧದ ಅಳತೆಯ ಸರಾಸರಿ ಮಾತ್ರವಲ್ಲ, ಅದರ ಏರಿಳಿತದ ಅಂದಾಜೂ ಪೂರ್ತಿ ಆ ಎರಡು ಗೆರೆಗಳ ನಡುವೆ ಬೀಳಬೇಕು. ಸರಾಸರಿ ನೂರರ ಆಸುಪಾಸಿನಲ್ಲಿ ಇಲ್ಲದಿದ್ದರೆ ಅದು ಬಲು ಕಷ್ಟ.

ಹಾಗಾದರೆ ಹುಡುಕುವುದು ಹೇಗೆ? ಒಂದೇ ಬಗೆಯ ತೂಬಿಗೆ ಕಂಪನಿಗೊಂದು ಹೆಸರು: ಎಸ್‌ಆರ್, ಇಆರ್, ಎಕ್ಸ್‌ಆರ್. 2008ರಲ್ಲಿ ಶುರುವಾದ ಜನೌಷಧಿ ಯೋಜನೆಯ ಪಟ್ಟಿಯಲ್ಲಿ ಇದೇ ಮೆಟ್‌ಫಾರ್ಮಿನ್ ‘ಪ್ರೊಲಾಂಗ್ಡ್ ರಿಲೀಸ್’ ಎಂದಿರುತ್ತದೆ. ಗುಳಿಗೆಯ ಸ್ಟ್ರಿಪ್‌ನ ಬೆನ್ನ ಮೇಲಿನ ಸಣ್ಣ ಅಕ್ಷರದಲ್ಲಿ ಈ ಹೆಸರುಗಳಲ್ಲೊಂದು ಇದೆಯೇ ಎಂದು ನೋಡಬೇಕು. ಗುಳಿಗೆಯ ಬಣ್ಣ, ಆಕಾರ ಬೇರೆಯಾದರೆ ಚಿಂತೆಯಿಲ್ಲ. ವೈದ್ಯರ ಚೀಟಿಯ ಮೇಲಷ್ಟೇ ಮಾರಬೇಕಾದ ಷೆಡ್ಯೂಲ್ ಎಚ್ ಔಷಧಗಳಲ್ಲಿ, ಚೀಟಿಯಲ್ಲಿ ಬರೆದ ಬ್ರಾಂಡ್ ಬದಲು ಬೇರೊಂದನ್ನು ಕೊಡಲು ಅಂಗಡಿಯವರಿಗೆ ಕಾನೂನಿನ ಅವಕಾಶವಿಲ್ಲ. ಹಾಗಾಗಿ ವೈದ್ಯರ ಮುಂದೆ ಕೂತಾಗಲೇ ಔಷಧದ ಮೂಲ ಹೆಸರು, ಮಿಲಿಗ್ರಾಂ, ಜೊತೆಗೆ ‘ನಿಧಾನ ಬಿಡುಗಡೆ’ ಎಂದು ಬರೆಸಿಕೊಳ್ಳಬೇಕು. ಬದಲಿಸಿದ ಮೇಲೆ ತಿಂಗಳಿಗೊಂದು ಕಂಪನಿಗೆ ಹಾರದೆ ಒಂದರಲ್ಲೇ ನಿಂತು, ಮೂರು ತಿಂಗಳಿಗೆ ಸಕ್ಕರೆಯ ಸರಾಸರಿ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆ ಮಾಡಿಸಿದರೆ ಹೊಸ ತೂಬು ಹೇಗೆ ನಡೆದಿದೆಯೆಂದು ರಕ್ತವೇ ಹೇಳುತ್ತದೆ.