ಸೋಲಾರ್ ಪ್ಯಾನೆಲ್ ಹೊದಿಸಿದ ಪ್ಯಾಟಿಯೋ ಸೋರದಂತೆ: ಕೆಲಸಕ್ಕೆ ಕೈ ಹಾಕುವ ಮುನ್ನ

ಸಿಡ್ನಿ, ಮೆಲ್ಬರ್ನ್ ಮನೆಗಳ ಹಿತ್ತಲಲ್ಲಿ ಪ್ಯಾಟಿಯೋಗೆ ತಗಡಿನ ಬದಲು ಸೋಲಾರ್ ಪ್ಯಾನೆಲ್ಲನ್ನೇ ಹೊದಿಸುವುದುಂಟು. ನೆರಳೂ ಆಯ್ತು, ಕರೆಂಟೂ ಆಯ್ತು. ಆದರೆ ಮೊದಲ ಜೋರು ಮಳೆಗೇ ಸೋರಲು ಶುರುವಾಗುತ್ತದೆ. ಆಗ "ಮೇಲೆ ಹತ್ತಿ ಸ್ವಲ್ಪ ಸಿಲಿಕೋನ್ ಹಚ್ಚಿಬಿಡು, ಕ್ಯಾಶ್ ಕೊಡ್ತೀನಿ" ಅಂತ ನಿಮ್ಮನ್ನು ಕರೆಯುತ್ತಾರೆ. ಹೂಂ ಅನ್ನುವ ಮೊದಲು ಇದನ್ನು ಓದಿ.

ಯಾಕೆ ಸೋರುತ್ತದೆ?

ಊರಿನ ಹೆಂಚಿನ ಮನೆ ನೆನಪಿಸಿಕೊಳ್ಳಿ. ಮೇಲಿನ ಹೆಂಚು ಕೆಳಗಿನ ಹೆಂಚಿನ ಮೇಲೆ ಕೂತಿರುತ್ತದೆ. ಅಂಟು ಹಚ್ಚಿಲ್ಲ, ಆದರೂ ಸೋರಲ್ಲ. ಯಾಕಂದ್ರೆ ಅಲ್ಲಿ ನೀರನ್ನು ತಡೆಯುವುದಿಲ್ಲ, ದಾರಿ ತೋರಿಸಿ ಕಳಿಸುತ್ತಾರೆ. ಸೋಲಾರ್ ಪ್ಯಾನೆಲ್ ಹಾಗಲ್ಲ. ಒಂದರ ಪಕ್ಕ ಒಂದು ಕೂರುತ್ತದೆ, ನಡುವೆ ಕ್ಲಾಂಪಿಗಾಗಿ ಸುಮಾರು 20 ಮಿ.ಮೀ. ಸಂದಿ ಇರುತ್ತದೆ. ನೀರು ಇಳಿಯುವುದು ಅಲ್ಲೇ.

ಎಷ್ಟು ನೀರು? ಒಂದು ಚದರ ಮೀಟರಿಗೆ 1 ಮಿ.ಮೀ. ಮಳೆ ಬಿದ್ದರೆ 1 ಲೀಟರ್. 20 ಚದರ ಮೀಟರ್ ಪ್ಯಾಟಿಯೋ ಮೇಲೆ 50 ಮಿ.ಮೀ. ಸುರಿದರೆ 1000 ಲೀಟರ್. ಸಿಡ್ನಿಯಲ್ಲಿ ಇಷ್ಟು ಮಳೆ ಒಂದೇ ದಿನದಲ್ಲಿ ಬರುವುದು ಹೊಸದೇನಲ್ಲ.

ಸಿಲಿಕೋನ್ ಹಚ್ಚಿದರೆ ಸಾಲದೇ?

ಸಾಲದು. 1.7 ಮೀಟರ್ ಉದ್ದದ ಅಲ್ಯೂಮಿನಿಯಂ ಫ್ರೇಮ್ 50 ಡಿಗ್ರಿ ಉಷ್ಣತೆಯ ಏರಿಳಿತಕ್ಕೆ ಸುಮಾರು 2 ಮಿ.ಮೀ. ಹಿಗ್ಗಿ ಕುಗ್ಗುತ್ತದೆ. ಹಗಲು ಬಿಸಿಲು, ರಾತ್ರಿ ತಂಪು, ದಿನಾ ಇದೇ ಎಳೆದಾಟ. ಹಚ್ಚಿದ ಸಿಲಿಕೋನ್ ಬೇಗ ಬಿಟ್ಟುಕೊಳ್ಳುತ್ತದೆ. ವಿನೆಗರ್ ವಾಸನೆಯ ಸಿಲಿಕೋನ್ ಆದರಂತೂ ಲೋಹವನ್ನೇ ತಿನ್ನುತ್ತದೆ. ಹಚ್ಚಲೇಬೇಕಾದ ಕಡೆ ನ್ಯೂಟ್ರಲ್ ಕ್ಯೂರ್ ಸಿಲಿಕೋನ್ ಬಳಸಬೇಕು.

ಫ್ರೇಮಿನ ಅಡಿಯಲ್ಲಿ ಸಣ್ಣ ತೂತುಗಳಿರುತ್ತವೆ, ಒಳಗೆ ಸೇರಿದ ನೀರು ಹೊರಹೋಗಲು. ಅವನ್ನು ಮುಚ್ಚಬೇಡಿ. ಫ್ರೇಮಿಗೆ ಹೊಸ ತೂತು ಕೊರೆಯಲೂ ಬೇಡಿ, ಪ್ಯಾನೆಲ್ ವಾರಂಟಿ ಹೋಗಬಹುದು.

ಸರಿಯಾದ ದಾರಿ ಯಾವುದು?

1. ಕೆಳಗೆ ತಗಡು, ಮೇಲೆ ಪ್ಯಾನೆಲ್. ಇದೇ ಎಲ್ಲಕ್ಕಿಂತ ಭದ್ರ. ಮಾಮೂಲಿ ತಗಡಿನ ಮಾಡು ಹಾಕಿ, ರೈಲ್ ಮೇಲೆ ಪ್ಯಾನೆಲ್ ಕೂರಿಸುವುದು. ನೀರು ತಡೆಯುವ ಕೆಲಸ ತಗಡಿನದು. ನಡುವೆ ಗಾಳಿ ಆಡಲು ಜಾಗ ಬಿಡಬೇಕು, ಬಿಸಿಯಾದಷ್ಟೂ ಪ್ಯಾನೆಲ್ ಕೊಡುವ ಕರೆಂಟ್ ಇಳಿಯುತ್ತದೆ.

2. ಸಂದಿಯ ಕೆಳಗೆ ದೋಣಿ. ನಮ್ಮಲ್ಲಿ ಸೂರಿನ ಕೆಳಗೆ ಅಡಿಕೆ ಮರದ ದೋಣಿ ಕಟ್ಟುವ ಹಾಗೆ, ಪ್ರತಿ ಸಂದಿಯ ಅಡಿಯಲ್ಲೂ ಅಲ್ಯೂಮಿನಿಯಂ ಚಾನಲ್ ಕೊಡುವುದು. ಅಡ್ಡ ಸಂದಿಯ ಚಾನಲ್ ಉದ್ದದ ಚಾನಲ್ಲಿಗೆ, ಉದ್ದದ್ದು ಗಟರಿಗೆ ಸುರಿಯಬೇಕು. ಸಂದಿಯ ಮೇಲೆ ಇಪಿಡಿಎಂ ರಬ್ಬರ್ ಪಟ್ಟಿ ಕೂರಿಸಿದರೆ ಒಳಗಿಳಿಯುವ ನೀರು ಕಡಿಮೆಯಾಗುತ್ತದೆ. ರಬ್ಬರ್ ಸಹಾಯಕ್ಕೆ ಮಾತ್ರ, ಕಾಯುವುದು ಚಾನಲ್ಲೇ.

ಎರಡರಲ್ಲೂ ಇಳಿಜಾರು ಮುಖ್ಯ. ಪ್ಯಾನೆಲ್ 10 ಡಿಗ್ರಿಯಷ್ಟು ಇಳಿಜಾರಿದ್ದರೆ ಮಳೆಗೇ ಧೂಳು ತೊಳೆದು ಹೋಗುತ್ತದೆ. ತೀರಾ ಸಮತಟ್ಟಾದರೆ ಕೆಳಗಿನ ಅಂಚಿನಲ್ಲಿ ನೀರು ನಿಂತು ಕೊಳೆ ಕಟ್ಟುತ್ತದೆ. ವೈರು, ಕನೆಕ್ಟರ್ ಯಾವುದೂ ಚಾನಲ್ ಒಳಗೆ ಬೀಳಬಾರದು. ಕನೆಕ್ಟರಿಗೆ ನೀರು ಸೇರಿದರೆ ಬೆಂಕಿಯ ಅಪಾಯ.

ಗಾಳಿಯನ್ನೂ ಮರೆಯಬೇಡಿ. ಪ್ಯಾಟಿಯೋ ಸುತ್ತ ಗೋಡೆ ಇರಲ್ಲ, ಗಾಳಿ ಕೆಳಗಿನಿಂದ ಎತ್ತುತ್ತದೆ. ಒಂದೊಂದು ಪ್ಯಾನೆಲ್ 20 ಕಿಲೋ ಮೇಲಿರುತ್ತದೆ, ಅದೂ ತಲೆಯ ಮೇಲಿನ ಗಾಜು. ಕಂಬ, ತೊಲೆ, ಬೋಲ್ಟ್ ತಡೆಯುತ್ತವೆಯೇ ಅಂತ ಎಂಜಿನಿಯರ್ ಹೇಳಬೇಕು, ಅಂದಾಜು ಸಾಲದು.

ನಿಮ್ಮ ಜೀವ ಮೊದಲು

ಸ್ವಿಚ್ ಆಫ್ ಮಾಡಿದರೂ ಬಿಸಿಲಿರುವವರೆಗೆ ಪ್ಯಾನೆಲ್‌ನಲ್ಲಿ ಕರೆಂಟ್ ಇರುತ್ತದೆ. 40 ವೋಲ್ಟಿನ 10 ಪ್ಯಾನೆಲ್ ಸಾಲಾಗಿ ಜೋಡಿಸಿದರೆ 400 ವೋಲ್ಟ್ ಡಿಸಿ. ಕನೆಕ್ಟರ್ ಬಿಚ್ಚುವುದು, ವೈರು ಸರಿಸುವುದು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೆಲಸ. ಕೆಲಸ ಚಿಕ್ಕದು, ದುಡ್ಡು ಕಡಿಮೆ ಅಂತ ಅದಕ್ಕೆ ವಿನಾಯಿತಿ ಇಲ್ಲ. ಪ್ಯಾನೆಲ್ ಮೇಲೆ ಕಾಲಿಡಬೇಡಿ, ಒದ್ದೆ ಗಾಜು ಜಾರುತ್ತದೆ.

2009-10ರಲ್ಲಿ ಸರ್ಕಾರದ ಮನೆ ಇನ್ಸುಲೇಷನ್ ಯೋಜನೆಯಲ್ಲಿ ನಾಲ್ವರು ಯುವ ಕೆಲಸಗಾರರು ಸತ್ತರು. ಮೂವರು ಕರೆಂಟ್ ಹೊಡೆದು, ಒಬ್ಬರು ಸೆಕೆಗೆ. ಆಮೇಲೆ ರಾಯಲ್ ಕಮಿಷನ್ ವಿಚಾರಣೆ ನಡೆದು 2014ರಲ್ಲಿ ವರದಿ ಬಂತು. ಹೋದ ಮಕ್ಕಳು ಬರಲಿಲ್ಲ.

ಮೇಲೆ ಹತ್ತುವ ಮೊದಲು ಕೇಳಿ:

• ನನ್ನ ಹತ್ತಿರ ವೈಟ್ ಕಾರ್ಡ್ ಇದೆಯೇ? ಕಟ್ಟಡ ಕೆಲಸಕ್ಕೆ ಇದು ಬೇಕೇ ಬೇಕು.
• 2 ಮೀಟರಿಗಿಂತ ಎತ್ತರದಿಂದ ಬೀಳುವ ಅಪಾಯವಿದ್ದರೆ, ಸುರಕ್ಷತೆಯ ಬರವಣಿಗೆ (ಸ್ವಿಮ್ಸ್) ತೋರಿಸಿದ್ದಾರೆಯೇ? ಅಟ್ಟಣಿಗೆಯೋ ತಡೆಕಂಬಿಯೋ ಇದೆಯೇ?
• ಮೇಸ್ತ್ರಿಗೆ ಲೈಸೆನ್ಸ್ ಇದೆಯೇ? ನ್ಯೂ ಸೌತ್ ವೇಲ್ಸ್‌ನಲ್ಲಿ ಕೂಲಿ, ಸಾಮಾನು ಸೇರಿ 5,000 ಡಾಲರ್ ಮೀರಿದ ಮನೆ ಕೆಲಸಕ್ಕೆ ಅದು ಬೇಕು. ವಿಕ್ಟೋರಿಯಾದಲ್ಲಿ ಮಾಡು, ಗಟರ್ ಕೆಲಸ ಪ್ಲಂಬಿಂಗ್ ಲೆಕ್ಕಕ್ಕೆ ಬರುತ್ತದೆ.
• ಕೌನ್ಸಿಲ್ ಅಥವಾ ಬಿಲ್ಡಿಂಗ್ ಸರ್ವೇಯರ್ ಹತ್ತಿರ ಅನುಮತಿ ವಿಚಾರಿಸಿದ್ದಾರೆಯೇ?

ಒಂದಕ್ಕೂ ಉತ್ತರ ಸಿಗದಿದ್ದರೆ "ಆಗಲ್ಲ ಸರ್" ಅನ್ನಿ. ನಾಚಿಕೆ ಬೇಡ. ವೀಸಾ ಯಾವುದೇ ಇರಲಿ, ಕನಿಷ್ಠ ಕೂಲಿಯ ಮತ್ತು ಸುರಕ್ಷತೆಯ ಕಾನೂನು ನಿಮಗೂ ಅನ್ವಯಿಸುತ್ತದೆ. ಒಪ್ಪಿಕೊಂಡ ಗಂಟೆ, ಕೂಲಿ, ವಿಳಾಸ ಎಲ್ಲ ಬರೆದಿಟ್ಟುಕೊಳ್ಳಿ. ಕೆಲಸದ ಫೋಟೋ ತೆಗೆದಿಡಿ.

ಈ ನಂಬರುಗಳು ಫೋನಿನಲ್ಲಿರಲಿ

ತುರ್ತು: 000
ಸೇಫ್‌ವರ್ಕ್ ಎನ್‌ಎಸ್‌ಡಬ್ಲ್ಯೂ (ಸಿಡ್ನಿ): 13 10 50
ವರ್ಕ್‌ಸೇಫ್ ವಿಕ್ಟೋರಿಯಾ (ಮೆಲ್ಬರ್ನ್): 1800 136 089
ಕೂಲಿ ತಕರಾರಿಗೆ ಫೇರ್ ವರ್ಕ್ ಒಂಬುಡ್ಸ್‌ಮನ್: 13 13 94
ದುಭಾಷಿ ಬೇಕಾದರೆ ಟಿಐಎಸ್: 13 14 50. "ಕನ್ನಡ" ಅಂತ ಹೇಳಿ ಕೇಳಿ.

ಸೋರುವ ಮಾಡನ್ನು ನಾಳೆಯೂ ರಿಪೇರಿ ಮಾಡಬಹುದು. ಸಂಜೆ ನಿಮ್ಮ ಫೋನಿಗಾಗಿ ಊರಲ್ಲಿ ಕಾಯುವವರಿದ್ದಾರೆ, ಅದನ್ನು ಮರೆಯಬೇಡಿ.